ಬಂಡೆವಾಡೆಯ ಗುಡ್ಲು

ಬಂಡೆವಾಡೆ ಹೋಟೆಲ್,
ಹೊಳಲ್ಕೆರೆ ರಸ್ತೆ, ಚಿತ್ರದುರ್ಗ
4 ಸೆಪ್ಟೆಂಬರ್ 2024

ನನ್ನ ಬಂಗಾರದಂಥ ಅಮ್ಮ,

ಕಾಗದ ನೋಡಿ ಗಾಬರಿಯಾಗಬೇಡ! ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ ಸಾಲದು, ಮದುವೆಯಾಗಿ ಹದಿನೇಳು ದಿನವಾದರೂ ನೆಲದ ಮೇಲೆ ಕಾಲಿಟ್ಟ ನೆನಪೇ ಇಲ್ಲ! ಈ ಹೋಟೆಲಿನಲ್ಲಿ ಬಾಗಿಲಲ್ಲೇ ಫೋನ್ ಇಸಿದುಕೊಂಡುಬಿಡುತ್ತಾರೆ. ಬೆಳ್ಳಿ ತಟ್ಟೆಯಲ್ಲಿ ಇಡಿಸಿಕೊಂಡು, ಕೆಂಪು ಚೀಲದಲ್ಲಿ ಕಟ್ಟಿ, ಬೀಗ! ಬದಲಿಗೆ ಕಾಗದ, ಮಸಿ ಪೆನ್ನು, ಸ್ಟಾಂಪು ಹಚ್ಚಿದ ಲಕೋಟೆ ಕೊಡುತ್ತಾರೆ. ನಿನ್ನ ಮನೆ ಇಲ್ಲಿಂದ ಆಟೋದಲ್ಲಿ ಇಪ್ಪತ್ತು ನಿಮಿಷ. ಆದರೂ ನನ್ನ ಕಾಗದ ಅಂಚೆಯಲ್ಲೇ ಬರಲಿದೆ, ರಾಣಿಯ ಓಲೆಯ ಹಾಗೆ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಬೈಯಬೇಡ, ಕಾನ್ವೆಂಟಿಗೆ ಹಾಕಿದವಳು ನೀನೇ.

ಅಮ್ಮ, ಇದು ಪಾಳೆಯಗಾರರ ಕಾಲದ ವಾಡೆಯಂತೆ. ಗೋಡೆಯ ದಪ್ಪ ನನ್ನ ತೋಳಿನಷ್ಟು ಉದ್ದ. ಮನೆಯನ್ನು ದೊಡ್ಡ ಬಂಡೆಗೆ ಆನಿಸಿ ಕಟ್ಟಿದ್ದಾರೆ, ಹಾಗಾಗಿ ನಮ್ಮ ಬಚ್ಚಲುಮನೆಯ ಒಳಗೇ ಒಂದು ಬಂಡೆ ಇದೆ! ಆನೆ ತಲೆ ತೂರಿಸಿದ ಹಾಗೆ! ಅದರ ಬುಡದಲ್ಲಿ ತಾಮ್ರದ ತೊಟ್ಟಿ. ಗುಲಾಬಿ ಎಸಳು ತೇಲಿಸಿ ಬಿಸಿನೀರು ಬಿಟ್ಟಿದ್ದರು. ಇವರು (ನೋಡು, 'ಇವರು' ಎನ್ನುವುದನ್ನು ಕಲಿಯುತ್ತಿದ್ದೇನೆ!) ಪಂಚೆ ಎತ್ತಿ ಕಟ್ಟಿ ಬಗ್ಗಿ ನೋಡಿ, "ಕುರಿ ತೊಳಿಯೋ ತೊಟ್ಟಿ ಇದ್ದಂಗೈತಲ್ಲೇ, ಔಷಧಿ ಒಂದು ಕಮ್ಮಿ" ಅಂದರು. ಹೊಸದುರ್ಗದ ಪಶು ಆಸ್ಪತ್ರೆಯವರನ್ನು ಮದುವೆಯಾದರೆ ಇದೇ ಗತಿ. ನಮಗೆ ಈ ಮೂರು ದಿನ ಉಡುಗೊರೆ ಕೊಟ್ಟ ಇವರ ಗೆಳೆಯ ಯೋಗೇಶನಿಗೆ ಇದನ್ನು ಹೇಳಲೇಬೇಕು.

ಇನ್ನು ಸ್ಪಾ! ಮಾಲೀಶು ಮಾಡುವ ಹೆಂಗಸಿನ ಎದೆಯ ಮೇಲೆ 'ಏಕ್ತಾ' ಎಂಬ ಪಟ್ಟಿ ಇತ್ತು. "ಏಕ್ತಾ ಅವರೇ" ಎಂದು ಕರೆದರೆ ತಿರುಗಲೇ ಇಲ್ಲ. ಮೂರನೇ ಸಲಕ್ಕೆ ನಕ್ಕು, "ನನ್ ಹೆಸ್ರು ಏಕನಾಥಮ್ಮ ಕಣವ್ವ, ಇವ್ರ ಬಾಯಿಗೆ ಉದ್ದ ಆತು ಅಂತ ಕತ್ತರಿಸ್ಯಾರೆ" ಅಂದಳು. ಅವಳ ಕೈಯಲ್ಲಿ ಏನು ಮಾಯವಿದೆಯೋ, ನನ್ನ ಬೆನ್ನು ಬೆಣ್ಣೆಯಾಯಿತು.

ಎಲ್ಲಕ್ಕಿಂತ ಚೆಂದದ್ದು ಕೊನೆಗೆ. ಕಾಂಪೌಂಡಿನ ಆಚೆ, ಒಂಟಿಯಾಗಿ ಒಂದು ಪುಟ್ಟ ಹುಲ್ಲಿನ ಗುಡ್ಲು! ಬಗ್ಗಿಯೇ ಒಳಗೆ ಹೋಗಬೇಕು. ಮೂರು ಗಂಟೆ ಒಬ್ಬಳೇ ಇರಬೇಕು. ಯಾರೂ ಮುಟ್ಟುವುದಿಲ್ಲ, ಯಾರೂ ಮಾತಾಡಿಸುವುದಿಲ್ಲ. ಊಟವನ್ನು ದೂರದಲ್ಲಿಟ್ಟು, ಗಂಟೆ ಬಾರಿಸಿ ಹೊರಟುಹೋಗುತ್ತಾರೆ. ಒಳಗೆ ಕರಿ ಕಂಬಳಿ, ಬೇವಿನ ಹೊಗೆ, ಬಿಸಿ ಕಲ್ಲು. "ಕುರಿಗಾಹಿ ಹೆಂಗಸರ ಪುರಾತನ ವಿಶ್ರಾಂತಿ ಪದ್ಧತಿ" ಎಂದು ಮ್ಯಾನೇಜರ್ ಪ್ರಭುಲಿಂಗ ವಿವರಿಸಿದರು. ಅಂದರೆ ನಮ್ಮವರದ್ದೇ ಅಲ್ಲವಾ ಅಮ್ಮ! ಇವರು ಒಳಗೆ ಬರಲಿಲ್ಲ. "ನಮ್ಮ ಹಟ್ಟಿ ಹೊರಗೂ ಇಂಥದ್ದೇ ಒಂದೈತೆ, ಹೆಂಗಸ್ರು ಇರ್ತಾರೆ" ಅಂದರು. "ರೆಸ್ಟ್ ತಗೊಳ್ಳೋಕಾ?" ಅಂದೆ. "ಹ್ಞೂಂ, ಹಂಗೇ ಅನ್ಕಾ" ಎಂದು ಹೋಟೆಲಿನ ಬಾತುಕೋಳಿ ನೋಡಲು ಹೋದರು. ಏಕನಾಥಮ್ಮನೂ ಹಾಗೇ. "ಯಾವ ಹಟ್ಟಿಗೆ ಕೊಟ್ಟಾರವ್ವ ನಿನ್ನ?" ಎಂದು ಕೇಳಿದಳು. ಹೇಳಿದೆ. ಆಮೇಲೆ ಮಾತೇ ಇಲ್ಲ. ಪಾಪ, ಸುಸ್ತಾಗಿರಬೇಕು.

ಅತಿಥಿಗಳ ಪುಸ್ತಕದಲ್ಲಿ ಇಡೀ ಒಂದು ಪುಟ ಬರೆದೆ. ನಿನಗೂ ಒಂದು ಕೂಪನ್ ಇಟ್ಟಿದ್ದೇನೆ ನೋಡು. ಹೆರಿಗೆ ವಾರ್ಡಿನಲ್ಲಿ ಬೇರೆಯವರ ಮಕ್ಕಳಿಗೆ ನೀರೆರೆದು ಎರೆದು ನಿನ್ನ ಸೊಂಟ ಬಿದ್ದುಹೋಗಿದೆ. ಬಂದು ಆ ಗುಡ್ಲಿನಲ್ಲಿ ಒಂದು ಮಧ್ಯಾಹ್ನ ಮಲಗು. ಪ್ಲೀಸ್!

ಗಾಳಿಯಲ್ಲಿ ತೇಲುತ್ತಿರುವ ನಿನ್ನ ಮಗಳು,
ದೀಪಾ


ಚಿತ್ರದುರ್ಗ
12 ಸೆಪ್ಟೆಂಬರ್ 2024

ದೀಪಾಳಿಗೆ ಅಮ್ಮನ ಆಶೀರ್ವಾದ.

ಕಾಗದ ತಲುಪಿತು. ಬಂಡೆ ಇರುವ ಬಚ್ಚಲಿನ ವಿಷಯ ಓದಿ ನಕ್ಕೆ. ಕೊನೆಯದನ್ನು ಓದಿ ಕಾಗದ ಮಡಚಿಟ್ಟು ಡ್ಯೂಟಿಗೆ ಹೋದೆ. ಆ ದಿನ ಐದು ಹೆರಿಗೆ ಆದವು. ಐದೂ ಮಕ್ಕಳು ಚೆನ್ನಾಗಿವೆ.

ಕೂಪನ್ನನ್ನು ಇದರ ಜೊತೆಗೇ ವಾಪಸು ಕಳಿಸಿದ್ದೇನೆ. ಸಿಟ್ಟು ಮಾಡಿಕೊಳ್ಳಬೇಡ.

ಒಂದು ಮಾತು ಕೇಳುತ್ತೇನೆ. ಆ ಗುಡ್ಲಿಗೆ ಬಾಗಿಲು ಇತ್ತಾ? ಗಾಳಿ ಯಾವ ಕಡೆಯಿಂದ ಬರುತ್ತಿತ್ತು? ಏಕೆ ಕೇಳಿದೆ ಎಂದು ಕೇಳಬೇಡ. ಅದು ಏನೆಂದು ನಿನ್ನ ಗಂಡ ಜುಂಜೇಶನಿಗೆ ಗೊತ್ತು. ಅವನು ಹೇಳಲಿಲ್ಲವಾ?

ಪುಸ್ತಕದಲ್ಲಿ ನೀನು ಏನು ಬರೆದೆಯೋ ನನಗೆ ಗೊತ್ತಿಲ್ಲ. ಅಳಿಸಲು ಆಗುವುದಾದರೆ ಅಳಿಸಿಬಿಡು.

ಫೋನು ಮಾಡಬೇಡ, ವಾರ್ಡಿನಲ್ಲಿ ಮಾತಾಡಲು ಆಗುವುದಿಲ್ಲ.

ಯಲ್ಲಕ್ಕ


ಹೊಸದುರ್ಗ
22 ಸೆಪ್ಟೆಂಬರ್ 2024

ಸಿಡುಕಿ ಅಮ್ಮನಿಗೆ,

ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ "ಊಟ ಆಯ್ತಾ, ಇಡ್ಲಾ" ಅಂದೆ. ಸರಿ, ನೀನು ಕಾಗದದಲ್ಲೇ ಮಾತಾಡುವುದಾದರೆ ನಾನೂ ಕಾಗದದಲ್ಲೇ ಜಗಳ ಮಾಡುತ್ತೇನೆ. ಒಂದು ಪ್ರೀತಿಯ ಉಡುಗೊರೆಯನ್ನು ಯಾರಾದರೂ ವಾಪಸು ಕಳಿಸುತ್ತಾರಾ? ಒಂದು ಗಂಟೆ ಅತ್ತೆ. ಇವರನ್ನು ಕೇಳಿದರೆ "ಅದು ಹಳೇ ಕಾಲದ್ದು ಬಿಡು, ಮುಟ್ಟಾದೋರು, ಬಾಣಂತೇರು ಇರ್ತಿದ್ರು" ಎಂದಷ್ಟೇ ಹೇಳಿ ಟಿ.ವಿ. ಹಾಕಿದರು. ಮೂರು ದಿನ ಹೊರಗೆ ಕೂರುವುದು ನನಗೂ ಗೊತ್ತು ಅಮ್ಮ, ನನ್ನ ಹಾಸ್ಟೆಲ್ ಗೆಳತಿಯರ ಅಜ್ಜಿಯರೂ ಕೂರುತ್ತಿದ್ದರು. ಅದಕ್ಕೆ ಇಷ್ಟು ಮುಖ ಊದಿಸಬೇಕಾ?

ಇರಲಿ, ರಾಜಿ! ಸುದ್ದಿ ಹೇಳುತ್ತೇನೆ. ಕಳೆದ ಭಾನುವಾರ ಹಿರಿಯೂರಿನ ಕಡೆ ಇವರ ಹಟ್ಟಿಗೆ ಹೋಗಿದ್ದೆವು. ನನ್ನ ನಾದಿನಿ ಚೈತ್ರಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರಲಿದ್ದಾಳೆ, ಜನವರಿಗೆ ದಿನ ತುಂಬುತ್ತದೆ. ಈಗ ಸುಮ್ಮನೆ ನೋಡಲು ಬಂದಿದ್ದಳು. ಹೊಟ್ಟೆ ಇನ್ನೂ ಪುಟ್ಟ ತಂಬಿಗೆ! ಹಟ್ಟಿಯ ಹೆಂಗಸರೆಲ್ಲ ಸೇರಿ ಊರಾಚೆಯ ಗುಡ್ಲನ್ನು ಕೆಡವಿಸಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದರಂತೆ. ಯಜಮಾನ ಜಂಬಣ್ಣ ಶ್ರಾವಣದಲ್ಲಿ ಒಪ್ಪಿದ್ದಾರಂತೆ, ದೀಪಾವಳಿ ಕಳೆದ ಮೇಲೆ ಕೆಡವುವುದು ಎಂದು. ನಾನು ಬಾಯಿ ತಪ್ಪಿ, "ಅಯ್ಯೋ, ಅಷ್ಟು ಕ್ಯೂಟಾಗಿರೋದನ್ನು ಯಾಕೆ ಕೆಡವುತ್ತೀರಿ!" ಅಂದುಬಿಟ್ಟೆ. ಯಾರೂ ನಗಲಿಲ್ಲ. ಚೈತ್ರಾ ನನ್ನನ್ನು ನೋಡಿದ ನೋಟ ವಿಚಿತ್ರವಾಗಿತ್ತು. ಆ ಗುಡ್ಲನ್ನು ನಾನು ನೋಡಲಿಲ್ಲ. ಹಟ್ಟಿಯ ಸುತ್ತಲಿನ ಕಳ್ಳೆಮುಳ್ಳಿನ ಬೇಲಿಯಾಚೆ ಜಾಲಿ ಮರಗಳ ಹಿಂದೆ ಇದೆಯಂತೆ, ಬಸ್ಸಿಗೆ ಹೊತ್ತಾಗಿತ್ತು.

ಇನ್ನೊಂದು ಸುದ್ದಿ, ಕೂತುಕೊಂಡು ಓದು! ಬಂಡೆವಾಡೆಯವರು ಗುಡ್ಲಿನ ಮುಂದೆ ತೆಗೆದ ನನ್ನ ಫೋಟೊ, ಅತಿಥಿಗಳ ಪುಸ್ತಕದಲ್ಲಿ ಬರೆದ ನನ್ನ ಮಾತು ತಮ್ಮ ಹೊಸ ಜಾಹೀರಾತು ಪತ್ರಿಕೆಯಲ್ಲಿ ಅಚ್ಚು ಹಾಕಿಸಬಹುದಾ ಎಂದು ಕೇಳಿದರು. ನಾನು ಹ್ಞೂಂ ಅಂದೆ. ನಿನ್ನ ಮಗಳು ಅಚ್ಚಿನಲ್ಲಿ!

ಅರ್ಧ ಸಿಟ್ಟು, ಮುಕ್ಕಾಲು ಪ್ರೀತಿಯಿಂದ,
ದೀಪಾ


ಹೊಸದುರ್ಗ
5 ನವೆಂಬರ್ 2024

ಅಮ್ಮ,

ಅಕ್ಷರ ಸೊಟ್ಟಗಾದರೆ ಕ್ಷಮಿಸು. ನಿನ್ನೆ ಹಟ್ಟಿಯಿಂದ ಬಂದೆವು. ಬಂದಾಗಿನಿಂದ ಇವರ ಹತ್ತಿರ ಮಾತಾಡಿಲ್ಲ.

ದೀಪಾವಳಿಯ ಪೂಜೆ ಮುಗಿದಿತ್ತು. ದೇವರ ಗುಡಿಯ ಮುಂದೆ ಎಲ್ಲರೂ ಕೂತಿದ್ದರು. ಯೋಗೇಶ ಬೈಕಿನಲ್ಲಿ ಬಂದ, ಕೈಯಲ್ಲಿ ಒಂದು ಕಟ್ಟು ಕಾಗದ. "ಅತ್ತಿಗೆ, ಫೇಮಸ್ ಆಗ್ಬಿಟ್ರಿ!" ಎಂದು ಎಲ್ಲರಿಗೂ ಹಂಚಿದ. ನನ್ನ ಫೋಟೊ. ಗುಡ್ಲಿನ ಬಾಗಿಲಲ್ಲಿ ನಗುತ್ತಿರುವ ನಾನು. ನಾನು ಇಂಗ್ಲಿಷಿನಲ್ಲಿ ಬರೆದದ್ದನ್ನು ಅವರು ಕನ್ನಡ ಮಾಡಿಸಿದ್ದರು. ಜಂಬಣ್ಣ ಕನ್ನಡಕ ಏರಿಸಿ ನೋಡಿ, "ಲೇ ಯೋಗೇಶ, ಗಟ್ಟಿಯಾಗಿ ಓದಲೇ" ಅಂದರು. ಅವನು ಓದಿದ:

"ಇದು ನಮ್ಮ ಹಿರಿಯರು ನಮ್ಮ ಹೆಣ್ಣುಮಕ್ಕಳಿಗೆ ಕೊಟ್ಟ ವಿಶ್ರಾಂತಿ. ಈ ಗುಡ್ಲಿನಲ್ಲಿ ಮಲಗಿದಾಗ ತಾಯಿಯ ಮಡಿಲಲ್ಲಿ ಮಲಗಿದ ಹಾಗಾಯಿತು. ಇಂಥ ಸಂಪ್ರದಾಯದಲ್ಲಿ ಹುಟ್ಟಿದ್ದು ನನ್ನ ಹೆಮ್ಮೆ."

ಮೊದಲು ನನಗೆ ಸಂತೋಷವೇ ಆಯಿತು ಅಮ್ಮ. ಅದನ್ನು ನಿನಗೆ ಮುಚ್ಚಿಡುವುದಿಲ್ಲ. ನಾಚಿಕೊಂಡು ಸೆರಗು ಸರಿಮಾಡಿಕೊಂಡೆ. ಆಮೇಲೆ ಹೆಂಗಸರ ಮುಖ ನೋಡಿದೆ.

ಜಂಬಣ್ಣನ ಕಣ್ಣು ಒದ್ದೆಯಾಗಿತ್ತು. ಅವರು ಕೆಟ್ಟವರಲ್ಲ. "ಕಾಡುಜನ ಅಂತ ಆಡ್ಕಂತಿದ್ರು ನಮ್ಮನ್ನ. ಈಗ ನೋಡ್ರಪ್ಪ! ಕಾರಲ್ಲಿ ಬರೋರು ನಮ್ಮ ಗುಡ್ಲಿಗೆ ಸಾಲು ನಿಂತವ್ರೆ. ಇಂಗ್ಲಿಷ್ ಓದಿದ ನಮ್ಮ ಸೊಸೇನೇ ಬರೆದಾಳೆ, ತಾಯಿ ಮಡಿಲು ಅಂತ. ನಾವು ಅದನ್ನ ಕೆಡವಾಕೆ ಹೊಂಟಿದ್ವಲ್ಲ, ದೇವ್ರು ಸರಿಯಾದ ಹೊತ್ತಿಗೆ ಕಣ್ಣು ತೆರೆಸಿದ" ಅಂದರು. ಗುಡಿಯ ಮುಂದೆ ಆಡಿದ ಮಾತು ಹಿಂದಕ್ಕೆ ಹೋಗುವುದಿಲ್ಲವಂತೆ. ಅಷ್ಟೇ, ತೀರ್ಮಾನವಾಗಿಹೋಯಿತು. ಗುಡ್ಲು ಇರುತ್ತದೆ. ಚೈತ್ರಾಳ ಬಾಣಂತನ ಅದರಲ್ಲೇ.

ಚೈತ್ರಾ ಎದ್ದು ಬಂದು ನನ್ನ ಕೈ ಹಿಡಿದಳು. "ಬಾ ಅತ್ತಿಗೆ. ತಾಯಿ ಮಡಿಲು ತೋರಿಸ್ತೀನಿ" ಅಂದಳು.

ಅಮ್ಮ, ಅದು ನನ್ನ ಸೊಂಟದಷ್ಟೂ ಎತ್ತರವಿಲ್ಲ. ತೆಂಗಿನ ಗರಿ, ಹರಿದ ಪ್ಲಾಸ್ಟಿಕ್, ಮೇಲೊಂದು ಕಲ್ಲು. ಬಾಗಿಲಿಲ್ಲ. ಒಳಗೆ ನೆಲ ಹಸಿಯಾಗಿತ್ತು. ಒಂದು ಸೊಟ್ಟ ಅಲ್ಯೂಮಿನಿಯಂ ತಟ್ಟೆ, ಅದರ ತುಂಬ ಇರುವೆ. "ಮಳೆ ಬಂದ್ರೆ?" ಅಂದೆ. "ಕೂತ್ಕಬೇಕು. ಮಲಗಿದ್ರೆ ನೀರು ಕಿವಿಗೆ ಬರ್ತೈತೆ" ಅಂದಳು. "ಮಗು?" "ಮಗೀನ ಎತ್ತಿ ಹಿಡ್ಕಬೇಕು." "ಎಷ್ಟು ದಿನ?" "ಎರಡು ತಿಂಗಳು. ಯಾರೂ ಮುಟ್ಟಂಗಿಲ್ಲ. ಮುಟ್ಟಿದೋರೂ ಸೂತಕ ಕಳಿಯೋವರೆಗೂ ಹಟ್ಟಿ ಒಳಗೆ ಬರಂಗಿಲ್ಲ." ಅವಳು ಅಳಲಿಲ್ಲ. ಬಸ್ಸಿನ ವೇಳೆ ಹೇಳುವವಳ ಹಾಗೆ ಹೇಳಿದಳು.

ಮರುದಿನ ಬೆಳಿಗ್ಗೆಯೇ ಅದಕ್ಕೆ ಹೊಸ ಗರಿ ಹೊದಿಸಿದರು. ನನ್ನ ಮಾತಿನ ಮೇಲೆ.

ನನಗೆ ಒಂದೇ ಪ್ರಶ್ನೆ. ನೀನು ಇದೇ ಸೀಮೆಯ ಹಟ್ಟಿಯಿಂದ ಬಂದವಳು. ನನಗೆ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಯಾಕೆ ಹೇಳಲಿಲ್ಲ?

ದೀಪಾ


ಚಿತ್ರದುರ್ಗ
14 ನವೆಂಬರ್ 2024

ದೀಪಾ,

ರಜೆ ಹಾಕಿ ಕೂತು ಬರೆಯುತ್ತಿದ್ದೇನೆ. ಏಳನೇ ಕ್ಲಾಸು ಓದಿದವಳು, ತಪ್ಪಿದ್ದರೆ ತಿದ್ದಿಕೋ.

ನಿನಗಿಂತ ಮೊದಲು ನಿನಗೊಬ್ಬ ಅಣ್ಣ ಇದ್ದ. ಪುಷ್ಯ ಮಾಸದಲ್ಲಿ ಹುಟ್ಟಿದ. ನಮ್ಮ ಹಟ್ಟಿಯ ಗುಡ್ಲು ದಿನ್ನೆಯ ಮೇಲಿತ್ತು, ಮೂಡಗಾಳಿ ನೇರವಾಗಿ ಒಳಗೆ ಬರುತ್ತಿತ್ತು. ನಾನು ಬೆನ್ನು ಕೊಟ್ಟು ಕೂರುತ್ತಿದ್ದೆ. ಬೆನ್ನು ಎಷ್ಟಗಲ ಇರುತ್ತದೆ? ನನಗೆ ಹತ್ತೊಂಬತ್ತು ವರ್ಷ.

ನಿಮ್ಮಪ್ಪ ದಿನಾ ಬಂದು ದೂರದಲ್ಲಿ ನಿಲ್ಲುತ್ತಿದ್ದರು. ನಿಂತಲ್ಲಿಂದಲೇ "ಹೆಂಗೈತೆ?" ಅನ್ನುತ್ತಿದ್ದರು. "ಐತೆ" ಅನ್ನುತ್ತಿದ್ದೆ. ಮುದ್ದೆ, ಸಾರು ಇಟ್ಟು ಹೋಗುತ್ತಿದ್ದರು. ಒಂದು ದಿನ ಮಗು ಹಾಲು ಹಿಡಿಯಲಿಲ್ಲ. ಮೈ ತಣ್ಣಗಿತ್ತು. ಸಂಜೆ ಅವರು ಬಂದಾಗ ಕೂಗಿ ಹೇಳಿದೆ. ಅವರು ಓಡಿಹೋಗಿ ಯಜಮಾನರನ್ನು ಕೇಳಿದರು. ಯಜಮಾನರು ಇನ್ನೊಂದು ಕಂಬಳಿ ಕೊಟ್ಟು ಕಳಿಸಿದರು. ಅವರು ಅದನ್ನು ದೂರದಿಂದ ಎಸೆದರು. ಅವರ ಕಣ್ಣಿನಲ್ಲಿ ನೀರಿತ್ತು. ಆದರೂ ಎಸೆದರು.

ಅದೇ ಸಂಜೆ ನಮ್ಮ ಮೂರು ಕುರಿ ಈದವು. ಚಳಿ ಜಾಸ್ತಿ ಎಂದು ನಿಮ್ಮಪ್ಪ ಮರಿಗಳನ್ನು ಮಡಿಲಲ್ಲಿ ಹಾಕಿಕೊಂಡು ಮನೆಯೊಳಗೆ ತಂದು ಒಲೆಯ ಪಕ್ಕ ಮಲಗಿಸಿದರಂತೆ. ನಮ್ಮವರೆಲ್ಲ ಹಾಗೇ ಮಾಡುವುದು. ಅದು ತಪ್ಪಲ್ಲ. ಬೆಳಗಾದಾಗ ಮರಿಗಳು ಎದ್ದು ಓಡಾಡುತ್ತಿದ್ದವು.

ಮಗುವನ್ನು ಮಣ್ಣು ಮಾಡಲು ಎತ್ತಿಕೊಂಡಾಗಲೇ ಅವರು ಮೊದಲ ಸಲ ಅದನ್ನು ಮುಟ್ಟಿದ್ದು.

ಆ ವಾರವೇ ಹಟ್ಟಿ ಬಿಟ್ಟೆವು. ಅವರು ದುರ್ಗದಲ್ಲಿ ಗಾರೆ ಕೆಲಸಕ್ಕೆ ಸೇರಿದರು, ಮತ್ತೆ ಕುರಿ ಮುಟ್ಟಲಿಲ್ಲ. ಅವರು ಸಾಯುವವರೆಗೂ ಈ ಮಾತನ್ನು ನಾವಿಬ್ಬರೂ ಆಡಲಿಲ್ಲ. ನೀನು ಆಸ್ಪತ್ರೆಯಲ್ಲಿ ಹುಟ್ಟಿದೆ. ನಾನು ಅಲ್ಲೇ ಆಯಾ ಆದೆ. ನಿನ್ನನ್ನು ಕಾನ್ವೆಂಟಿಗೆ ಹಾಕಿದೆ. ಇಂಥದ್ದೊಂದು ಲೋಕದಲ್ಲಿದೆ ಎಂಬುದೇ ನಿನಗೆ ಗೊತ್ತಾಗಬಾರದು ಎಂದುಕೊಂಡೆ. ಗೊತ್ತಾಗಲಿಲ್ಲ. ಅದಕ್ಕೇ ನೀನು ಅಲ್ಲಿ ಮಲಗಿ ನಗುತ್ತ ಫೋಟೊ ತೆಗೆಸಿಕೊಂಡೆ.

ನಿನ್ನ ತಪ್ಪಿಲ್ಲ ಎಂದು ಹೇಳುವುದಿಲ್ಲ. ಅದರಲ್ಲಿ ಅರ್ಧ ನನ್ನದು.

ಅಮ್ಮ


ಹೊಸದುರ್ಗ
9 ಡಿಸೆಂಬರ್ 2024

ಅಮ್ಮ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಕೆಳಗಿಟ್ಟೆ. ನನಗೊಬ್ಬ ಅಣ್ಣ ಇದ್ದ. ಇದನ್ನು ಬಾಯಿಬಿಟ್ಟು ಹೇಳಿನೋಡಿದೆ, ಅಡುಗೆಮನೆಯಲ್ಲಿ ಒಬ್ಬಳೇ. ಇವರಿಗೆ ನಿನ್ನ ಕಾಗದ ಕೊಟ್ಟೆ. ಓದಿ, ವಾಪಸು ಮಡಚಿ, ಹೊರಗೆ ಹೋಗಿ ಬೈಕನ್ನು ಎರಡು ಸಲ ತೊಳೆದರು. "ನೀನಾದ್ರೂ ಮೊದಲೇ ಹೇಳಬಹುದಿತ್ತು" ಅಂದೆ. "ಏನಂತ ಹೇಳ್ಲಿ? ನಾನೂ ಅದ್ರಾಗೇ ಹುಟ್ಟಿದೋನು. ಅದು ಹಂಗೇ ಅನ್ಕಂಡಿದ್ದೆ" ಅಂದರು.

ಮಾಡಿದ್ದನ್ನು ಸರಿಮಾಡಬೇಕೆಂದು ಬಂಡೆವಾಡೆಗೆ ಹೋದೆ. ಪ್ರಭುಲಿಂಗ ಎಳನೀರು ತರಿಸಿದರು. "ಮೇಡಂ, ನಿಮ್ಮ ಮಾತಿನಿಂದ ಗುಡ್ಲಿಗೆ ಫೆಬ್ರವರಿವರೆಗೂ ಬುಕಿಂಗ್ ಆಗಿದೆ! ಇನ್ನೆರಡು ದಿನ ಇದ್ದು ಹೋಗಿ, ನಮ್ಮ ಕಡೆಯಿಂದ" ಅಂದರು. ಅಂಥ ಗುಡ್ಲಿನಲ್ಲಿ ಮಕ್ಕಳು ಸತ್ತಿವೆ ಅಂದೆ. ಅವರ ನಗು ಅಲ್ಲೇ ನಿಂತಿತು. "ಅಯ್ಯೋ, ನಮ್ಮ ಆರ್ಕಿಟೆಕ್ಟ್ ಆ ಕಡೆ ಹೋದಾಗ ನೋಡಿ ಫೋಟೊ ತೆಗೆದುಕೊಂಡು ಬಂದಿದ್ದು. ಶೇಪ್ ಚೆನ್ನಾಗಿದೆ ಅಂತ" ಅಂದರು. ಶೇಪ್ ಅಮ್ಮ! ಪುಸ್ತಕ ತರಿಸಿಕೊಂಡು ನನ್ನ ಪುಟ ಹರಿದೆ. ಆ ಶಬ್ದಕ್ಕೆ ಬಾಗಿಲಲ್ಲಿ ಫೋನ್ ಒಪ್ಪಿಸುತ್ತಿದ್ದ ಗಂಡ ಹೆಂಡತಿ ತಿರುಗಿ ನೋಡಿದರು. ಆದರೆ ಅಚ್ಚಾದ ಪತ್ರಿಕೆ ಎಲ್ಲೆಲ್ಲಿಗೋ ಹೋಗಿಯಾಗಿದೆ.

ಗೇಟಿನ ಹತ್ತಿರ ಏಕನಾಥಮ್ಮ ಸಿಕ್ಕಳು. "ಮೂರು ಬಾಣಂತನ ಗುಡ್ಲಾಗೇ ಕಳ್ದಿದೀನಿ ಕಣವ್ವ. ಅವತ್ತು ನೀನು ಎಣ್ಣೆ ಹಚ್ಚಿಸ್ಕಂತ ಗುಡ್ಲಿನ ಮಾತಾಡಿ ಕಿಲಕಿಲ ಅಂತಿದ್ದೆ, ನನ್ ಕೈ ನಿಂತೋಯ್ತು" ಅಂದಳು. "ಬೈಯಬೇಕಿತ್ತು ನೀವು ನನ್ನ" ಅಂದೆ. "ಗಿರಾಕೀನ ಬೈಯಾಕಾಗ್ತೈತಾ?" ಎಂದು ನಕ್ಕಳು.

ಹರಿದ ಪುಟ ತೆಗೆದುಕೊಂಡು ಹಟ್ಟಿಗೆ ಹೋದೆ. ಗುಡಿಯ ಮುಂದೆಯೇ, ಎಲ್ಲರೆದುರು, ನಾನು ಬರೆದದ್ದು ಸುಳ್ಳು ಎಂದು ಹೇಳಿದೆ. ಜಂಬಣ್ಣ ನನ್ನನ್ನು ಮರುಕದಿಂದ ನೋಡಿದರು. "ಕುಂತ್ಕಳವ್ವ, ನೀರು ಕುಡಿ. ನಿಂಗೆ ಯಾರೋ ತಲೆ ತುಂಬ್ಯಾರೆ. ಮೊದಲು ಮನಸ್ಸಿಂದ ಬಂದಿದ್ದೇ ನಿಜ, ಆಮೇಲಿಂದು ಕಲಿಸಿದ್ದು" ಅಂದರು. ನಾನು ಹೊಗಳಿದಾಗ ಓದಿದವಳು, ತಪ್ಪಾಯಿತು ಎಂದಾಗ ತಲೆ ಕೆಟ್ಟವಳು!

ಅತ್ತೆ ಓಬಕ್ಕನ ಕಾಲು ಹಿಡಿದೆ. ಅವರಿಗೆ ಭಯ. "ಸೂತಕ ಒಳಗೆ ಬಂದ್ರೆ ಹಟ್ಟಿ ಕುರಿಯೆಲ್ಲ ಉಳಿಯಂಗಿಲ್ಲ ಅಂತಾರೆ. ನನ್ ಮಗಳ ಹೆಸ್ರು ಕೆಡ್ತೈತೆ ಕಣೇ. ನಾನು ಮೂರು ಹೆತ್ತೆ, ಮೂರೂ ಉಳಿದ್ವು" ಅಂದರು. ಚೈತ್ರಾಳ ಗಂಡನ ಮನೆಯವರೂ ಅದನ್ನೇ ಅನ್ನುತ್ತಾರೆ. ದಿನ ಹತ್ತಿರ ಬರುತ್ತಿದೆ. ರಾತ್ರಿ ಚಳಿಗೆ ಕಿಟಕಿ ಮುಚ್ಚಲು ಎದ್ದಾಗಲೆಲ್ಲ ಬಾಗಿಲಿಲ್ಲದ ಆ ಗುಡ್ಲು ಕಣ್ಣಿಗೆ ಬರುತ್ತದೆ.

ನೀನು ಬಾ. ನೀನು ಹೇಳಿದರೆ ಕೇಳುತ್ತಾರೆ. ನಿನ್ನದು ಯಾರೂ ಕಲಿಸಿದ್ದಲ್ಲ.

ದೀಪಾ


ಚಿತ್ರದುರ್ಗ
17 ಡಿಸೆಂಬರ್ 2024

ದೀಪಾ,

ನಾನು ಬರುವುದಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದೆ. ಹಿರಿಯೂರು ಬೋರ್ಡಿನ ಬಸ್ಸು ಹತ್ತಿ ಕೂತಿದ್ದೆ. ಕಂಡಕ್ಟರು ಟಿಕೇಟು ಕೇಳುವ ಮೊದಲೇ ಇಳಿದೆ.

ನನ್ನ ಕೈಲಿ ಆಗುವುದು ಇಷ್ಟು. ಹುಟ್ಟಿದ ಮಗುವನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಬೇಕು. ತಲೆಗೆ ಟೋಪಿ, ಕಾಲಿಗೆ ಕಾಲುಚೀಲ. ಪಾದ ಮುಟ್ಟಿ ನೋಡುತ್ತಿರಬೇಕು. ಪಾದ ತಣ್ಣಗಾದರೆ ಕಾಯಬಾರದು, ಆಸ್ಪತ್ರೆಗೆ ಓಡಬೇಕು. ಯಾರನ್ನೂ ಕೇಳಲು ನಿಲ್ಲಬಾರದು. ನಾಲ್ಕು ಟೋಪಿ ಹೆಣೆದು ಕಳಿಸಿದ್ದೇನೆ.

ಅಮ್ಮ


ಹಟ್ಟಿಯ ಅಂಗನವಾಡಿ,
ಹಿರಿಯೂರು ತಾಲ್ಲೂಕು
7 ಜನವರಿ 2025

ಅಮ್ಮ, ಅಮ್ಮ, ಅಮ್ಮ,

ಹೆಣ್ಣು ಮಗು! ಎರಡು ಕೆ.ಜಿ. ಆರುನೂರು. ಬರೆಯಲು ಎಷ್ಟೊಂದು ಇದೆ, ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ನನಗೇ ಇನ್ನೂ ನಂಬಿಕೆ ಬಂದಿಲ್ಲ.

ಹೆರಿಗೆ ಹಿರಿಯೂರಿನ ಆಸ್ಪತ್ರೆಯಲ್ಲಾಯಿತು. ಮೊನ್ನೆ ಭಾನುವಾರ ಮಧ್ಯಾಹ್ನ ಬಿಟ್ಟರು. ಆಟೋ ಕಳ್ಳೆ ಬೇಲಿಯ ಹತ್ತಿರ ನಿಂತಿತು. ಹಟ್ಟಿಯ ಜನರೆಲ್ಲ ಬೇಲಿಯ ಈಚೆ ಸಾಲಾಗಿ ನಿಂತಿದ್ದರು. ನಾವೂ ಅಲ್ಲೇ. ಚೈತ್ರಾ ಮಗುವನ್ನು ಎದೆಗೆ ಅವಚಿಕೊಂಡು ತಾನೇ ಇಳಿದಳು. ಹೊಲಿಗೆ ಹಾಕಿದ್ದಾರೆ, ಕಾಲು ಎಳೆದುಕೊಂಡು ನಡೆದಳು. ಒಬ್ಬಳೇ. ಗುಡ್ಲಿನ ಮುಂದೆ ಹೋಗಿ ನಿಂತಳು.

ನಿಂತೇ ಇದ್ದಳು. ಒಳಗೆ ಹೋಗಬೇಕಾದರೆ ಕೈಯೂರಿ ತೆವಳಬೇಕು. ಕೈಯಲ್ಲಿ ಮಗು. ಮಗುವನ್ನು ಎತ್ತಿಕೊಳ್ಳುವವರು ಇಲ್ಲ. ನೆಲದ ಮೇಲೆ ಇಡಬೇಕು, ತಾನು ಮೊದಲು ನುಗ್ಗಬೇಕು, ಆಮೇಲೆ ಮಗುವನ್ನು ಒಳಗೆ ಎಳೆದುಕೊಳ್ಳಬೇಕು. ಅವಳು ಬಗ್ಗಿದಳು, ಹೊಲಿಗೆ ಎಳೆಯಿತೇನೋ, "ಅವ್ವಾ" ಎಂದು ನೆಟ್ಟಗಾದಳು. ಮತ್ತೆ ಬಗ್ಗಿದಳು. ನಲವತ್ತು ಜನ ನೋಡುತ್ತಿದ್ದೆವು ಅಮ್ಮ. ನಲವತ್ತು ಜನಕ್ಕೂ ಎರಡೆರಡು ಕೈ ಇದ್ದವು.

ನಾನು ಯೋಚನೆ ಮಾಡಿ ಮಾಡಿದ್ದಲ್ಲ. ಬೇಲಿ ದಾಟಿ ಓಡಿಹೋಗಿ ಮಗುವನ್ನು ಎತ್ತಿಕೊಂಡುಬಿಟ್ಟೆ. ಹಿಂದಿನಿಂದ ಅತ್ತೆ ಕಿರುಚಿದರು: "ಮುಟ್ಬಿಟ್ಟೆಯಲ್ಲೇ!"

"ಮುಟ್ಟಿದೆ ಅತ್ತೆ. ಈಗ ನಾನೂ ಹೊರಗಿನೋಳು. ಈ ಗುಡ್ಲಲ್ಲಿ ಇಬ್ಬರು ಹಿಡಿಯಲ್ಲ. ಚೈತ್ರಾ ಒಳಗಿದ್ದರೆ ನಾನು ಬಯಲಲ್ಲಿ ಕೂರುತ್ತೇನೆ, ಎರಡು ತಿಂಗಳು" ಅಂದೆ. ನನ್ನ ಧ್ವನಿ ಇಲಿ ಕೀಚಿದ ಹಾಗಿತ್ತು.

ಜಂಬಣ್ಣ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಕಂಕುಳಲ್ಲಿದ್ದ ಕೊಡ ಕೆಳಗಿಟ್ಟರು. ನೆಟ್ಟಗೆ ನಡೆದು ಬಂದು ಚೈತ್ರಾಳ ತೋಳು ಹಿಡಿದುಕೊಂಡರು. ಅಳುತ್ತಿದ್ದರು, ಬೈಯುತ್ತಲೂ ಇದ್ದರು. "ಎರಡೂ ಕೂಸುಗಳೇ. ಒಂದಕ್ಕೆ ಹೆರೋದು ಗೊತ್ತು, ಇನ್ನೊಂದಕ್ಕೆ ಅದೂ ಗೊತ್ತಿಲ್ಲ. ಮಗೀನ ಕತ್ತು ಹಿಡಿಯೇ ಸರಿಯಾಗಿ, ಗೊಂಬೆ ಅಲ್ಲ!"

ಆಮೇಲೆ ನಡೆದದ್ದು ಕೇಳು! ಜಂಬಣ್ಣನ ಹೆಂಡತಿ ಚಂದ್ರಕ್ಕ, ಅರವತ್ತು ದಾಟಿದವರು, ಸೊಂಟಕ್ಕೆ ಕೈ ಕೊಟ್ಟುಕೊಂಡು ಬೇಲಿ ದಾಟಿದರು. "ತಡೀರ್ರೇ, ನಾನೂ ಮುಟ್ತೀನಿ. ನಲವತ್ತು ವರ್ಷ ಮುದ್ದೆ ತಿರುವಿ ರಟ್ಟೆ ಬಿದ್ದೋಗೈತೆ, ಎರಡು ತಿಂಗಳು ತಪ್ಪುತ್ತೆ!" ಎಂದು ಮಗುವಿನ ಕೆನ್ನೆ ಸವರಿದರು. ಜಂಬಣ್ಣ, "ಲೇ, ಲೇ! ಮನೇಲಿ ಒಲೆ ಹಚ್ಚೋರು ಯಾರು?" ಎಂದು ಕೂಗಿದರು. "ಆ ಫೋಟೊ ಪೇಪರ್ ಐತಲ್ಲ, ಅದನ್ನ ಹಚ್ಕಂಡು ನೀನೇ ಬೇಯಿಸ್ಕಾ!" ಅಂದರು ಚಂದ್ರಕ್ಕ. ಇಬ್ಬರು ಹೆಂಗಸರು ನಕ್ಕರು. ನಕ್ಕವರೂ ದಾಟಿ ಬಂದರು. ಒಬ್ಬಳು ಅರ್ಧ ದಾರಿ ಬಂದು, ಗಂಡನ ಮುಖ ನೋಡಿ, ವಾಪಸು ಹೋದಳು. ಎಲ್ಲರೂ ಬಂದರು ಎಂದು ಸುಳ್ಳು ಹೇಳುವುದಿಲ್ಲ. ನನ್ನನ್ನೂ ಸೇರಿಸಿ ಐದು ಜನ. ಐದೇ ಜನ.

ಮುಟ್ಟಿದವರು ಒಳಗೆ ಬರುವಂತಿಲ್ಲ, ಅದು ಅವರದ್ದೇ ಕಟ್ಟಳೆ. ನಾಲ್ಕು ಮನೆಯ ಒಲೆ ತಣ್ಣಗಾಯಿತು. ಸಂಜೆ ಕುರಿ ಹಟ್ಟಿಗೆ ಬಂದವು, ಹಾಲಿಗೆ ಮರಿ ಬಿಡುವವರಿಲ್ಲ. ಕತ್ತಲಾಗುವ ಮೊದಲೇ ಜಂಬಣ್ಣ ಬೇಲಿಯ ಹತ್ತಿರ ಬಂದರು. ನಮ್ಮನ್ನು ನೋಡಲಿಲ್ಲ, ಜಾಲಿ ಮರಕ್ಕೆ ಹೇಳುವ ಹಾಗೆ ಹೇಳಿದರು. "ಹಟ್ಟಿ ಒಳಗೆ ಬ್ಯಾಡ. ಅಂಗನವಾಡಿ ಬೇಲಿ ಆಚೆಗೇ ಐತಲ್ಲ, ಗೋಡೆ ಐತೆ, ಕರೆಂಟ್ ಐತೆ. ಅಲ್ಲಿರ್ರಿ."

ಅವರು ಸೋಲಲಿಲ್ಲ ಅಮ್ಮ, ನಾವೂ ಗೆಲ್ಲಲಿಲ್ಲ. ಸೂತಕ ಇನ್ನೂ ಸೂತಕವೇ. ಗುಡ್ಲನ್ನು ಯಾರೂ ಕೆಡವಿಲ್ಲ. ಮುಂದಿನ ಬಾಣಂತಿಗೆ ಏನೋ ಗೊತ್ತಿಲ್ಲ. ಆದರೆ ಈ ಮಗು ಬಾಗಿಲಿರುವ ಕೋಣೆಯಲ್ಲಿ ಮಲಗಿದೆ, ಬಾಗಿಲಿಗೆ ಚಿಲಕ ಇದೆ, ನಾನು ಆಗಾಗ ಎದ್ದು ಅದನ್ನು ಹಾಕಿದೆಯಾ ಎಂದು ನೋಡುತ್ತೇನೆ. ನಿನ್ನ ಟೋಪಿ ಕಣ್ಣಿನವರೆಗೂ ಬರುತ್ತದೆ. ಪಾದ ಬೆಚ್ಚಗಿದೆ.

ಇನ್ನೊಂದು. ಇವತ್ತು ಬೆಳಿಗ್ಗೆ ಇವರು ಬಂದರು. ದೂರದಲ್ಲಿ ನಿಂತು "ಹೆಂಗೈತೆ?" ಅಂದರು. ಅಪ್ಪ ಕೇಳುತ್ತಿದ್ದ ಅದೇ ಮಾತು. ನಾನು "ಐತೆ" ಎನ್ನಲಿಲ್ಲ, ಬಾಗಿಲನ್ನು ಪೂರ್ತಿ ತೆರೆದು ಹಿಡಿದೆ. ಇವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಸಾವಿರ ಕುರಿಮರಿ ಎತ್ತಿದ ಕೈ ಅಮ್ಮ, ಮಗುವಿನ ಮುಂದೆ ಎಲ್ಲಿ ಹಿಡಿಯಬೇಕೆಂದು ಹುಡುಕಾಡಿತು. "ಹೆಂಗೆ ಹಿಡ್ಕಬೇಕು?" ಅಂದರು. ನನಗೂ ಸರಿಯಾಗಿ ಗೊತ್ತಿಲ್ಲ.

ಇಲ್ಲಿ ಮಗುವಿಗೆ ನೀರೆರೆಯಲು ಬರುವುದು ಅತ್ತೆಗೆ ಮಾತ್ರ, ಅವರಿಗೆ ನಿನ್ನೆಯಿಂದ ಜ್ವರ. ನಿನ್ನನ್ನು ಕರೆಯುವುದಿಲ್ಲ. ಬಸ್ಸಿನಿಂದ ಇಳಿದದ್ದು ನನಗೆ ಅರ್ಥವಾಗಿದೆ. ಸುಮ್ಮನೆ, ನೀರು ಎಷ್ಟು ಬಿಸಿ ಇರಬೇಕು ಎಂದು ಬರೆದು ಕಳಿಸು.

ಬೇಲಿಯ ಹೊರಗಿನಿಂದ,
ದೀಪಾ


ಚಿತ್ರದುರ್ಗ
10 ಜನವರಿ 2025

ದೀಪಾ,

ನೀರಿನ ಬಿಸಿ ಬರೆದು ಹೇಳುವುದಲ್ಲ, ಮೊಣಕೈ ಹಾಕಿ ನೋಡುವುದು.

ಹದಿನೈದು ದಿನ ರಜೆ ಬರೆದುಕೊಟ್ಟಿದ್ದೇನೆ. ಈ ಕಾಗದ ಬಂದ ದಿನವೋ ಮರುದಿನವೋ ನಾನೂ ಬರುತ್ತೇನೆ. ಈ ಸಲ ಮೊದಲೇ ಟಿಕೇಟು ತೆಗೆದುಕೊಂಡು ಕೂರುತ್ತೇನೆ. ಓಬಕ್ಕನಿಗೆ ಗಂಜಿ ಕೊಡು. ಚೈತ್ರಾಳಿಗೆ ಕುಡಿಯಲು ಬಿಸಿನೀರನ್ನೇ ಕೊಡು. ಜುಂಜೇಶನಿಗೆ ಹಿಡಿಯುವುದನ್ನು ನಾನು ತೋರಿಸುತ್ತೇನೆ, ಅಲ್ಲಿಯವರೆಗೆ ಕೂತುಕೊಂಡೇ ಹಿಡಿಯಲಿ.

ಜಂಬಣ್ಣ ಬೇಲಿಯ ಹತ್ತಿರ ಬಂದು ಇವಳು ಯಾರು, ಬಾಣಂತಿಯನ್ನು ಮುಟ್ಟುತ್ತಾಳಲ್ಲ ಎಂದು ಕೇಳಿದರೆ ನೀನು ಗಾಬರಿಯಾಗಬೇಡ, ಹೀಗೆ ಹೇಳು: "ನಮ್ಮವ್ವ. ತನ್ ಕೂಸು ಹೋದ್ಮೇಲೆ ಸೂತಕ ಕಳಿಯೋ ಮೊದ್ಲೇ ಹಟ್ಟಿ ಬಿಟ್ಟು ಬಂದೋಳು. ಇಪ್ಪತ್ತೇಳು ವರ್ಷದಿಂದ ಹೊರಗೇ ಅವಳೆ."

ಯಲ್ಲಕ್ಕ